ಮದುಮಗಳ ಕೈಗೆ ಮದರಂಗಿ: ಎಲೆಯ ಕೆಂಪು, ರಾಸಾಯನಿಕದ ಕಪ್ಪು

ಮಂಗಳಕಾರ್ಯ ನಡೆಯುವ ಮನೆಗಳಲ್ಲಿ ಅರಿಷಿಣ, ಹೂವು, ಹಸಿರು ಬಳೆಗಳಷ್ಟೇ ಸಹಜವಾಗಿ ಮದರಂಗಿಯೂ ಸೇರಿಕೊಂಡಿದೆ. ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳ ಅಂಗೈಯಲ್ಲಿ, ಕುಬುಸ ಮಾಡಿಸಿಕೊಳ್ಳುವ ಗರ್ಭಿಣಿಯ ಕೈಯಲ್ಲಿ, ಹಸೆಯ ಮೇಲೆ ಕೂಡುವ ಮದುಮಗಳ ಮೊಣಕೈವರೆಗೆ ಅದರ ಕೆಂಬಣ್ಣ ಶೋಭಿಸುತ್ತದೆ. ಕೆಲವೆಡೆ ಮದರಂಗಿ, ಕೆಲವೆಡೆ ಗೋರಂಟಿ, ಈಚೆಗೆ ಎಲ್ಲೆಡೆಯೂ ಮೆಹಂದಿ ಎಂದು ಕರೆಯಿಸಿಕೊಳ್ಳುವ ಈ ಅಲಂಕಾರಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲ. ಹಿತ್ತಲಲ್ಲಿ ಒಂದು ಗಿಡವಿದ್ದರೆ ಸಾಕು, ಮನೆಯ ಹೆಣ್ಣುಮಕ್ಕಳೆಲ್ಲರ ಕೈ ಕೆಂಪಾಗುತ್ತದೆ.

ಆದರೆ ಕಳೆದ ಕೆಲವು ದಶಕಗಳಲ್ಲಿ ಈ ಸರಳ ಅಲಂಕಾರದ ಸ್ವರೂಪ ಬಹಳವಾಗಿ ಬದಲಾಗಿದೆ. ಒರಳಿನಲ್ಲಿ ಅರೆದ ಎಲೆಯ ಸ್ಥಾನವನ್ನು ಅಂಗಡಿಯ ಕೋನ್ ಆಕ್ರಮಿಸಿದೆ. ಕೆಂಪು ಬಣ್ಣ ಸಾಲದೆಂದು ಕಪ್ಪು ಬಣ್ಣದ ‘ಮದರಂಗಿ’ ಮಾರುಕಟ್ಟೆಗೆ ಬಂದಿದೆ. ಇದರೊಂದಿಗೆ ಕೈಯ ಮೇಲೆ ಗುಳ್ಳೆ ಎದ್ದು, ಚರ್ಮ ಸುಲಿದು ಚರ್ಮರೋಗ ತಜ್ಞರ ಬಳಿಗೆ ಓಡುವ ಪ್ರಸಂಗಗಳೂ ಬಂದಿವೆ. ಮದರಂಗಿಯ ಗುಣವೇನು, ಅಪಾಯ ಎಲ್ಲಿಂದ ಬರುತ್ತದೆ, ನಮ್ಮ ಮನೆಯ ಮಕ್ಕಳನ್ನು ಅದರಿಂದ ಕಾಪಾಡುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗಿಡದ ಪರಿಚಯ

ಮದರಂಗಿ ದಾಳಿಂಬೆಯ ಕುಟುಂಬಕ್ಕೇ ಸೇರಿದ ಪೊದೆಗಿಡ. ಸಂಸ್ಕೃತದಲ್ಲಿ ಇದಕ್ಕೆ ಮದಯಂತಿಕಾ ಎಂಬ ಹೆಸರಿದೆ. ಸಸ್ಯಶಾಸ್ತ್ರದಲ್ಲಿ ಇದನ್ನು ‘ಲಾಸೋನಿಯ ಇನರ್ಮಿಸ್’ ಎನ್ನುತ್ತಾರೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಐಸಾಕ್ ಲಾಸನ್ ಎಂಬ ವೈದ್ಯನ ಸ್ಮರಣಾರ್ಥ ಈ ಹೆಸರನ್ನಿಟ್ಟನು. ಕಡಿಮೆ ಮಳೆಯನ್ನೂ ಬಿರುಬಿಸಿಲನ್ನೂ ತಾಳಿಕೊಳ್ಳುವ ಗಿಡವಾದ್ದರಿಂದ ಉತ್ತರ ಆಫ್ರಿಕ, ಅರಬ್ ನಾಡುಗಳು ಹಾಗೂ ಭಾರತದ ಒಣಪ್ರದೇಶಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ನಮ್ಮಲ್ಲಿ ಹೊಲದ ಬದುವಿಗೂ ಹಿತ್ತಲ ಬೇಲಿಗೂ ಇದನ್ನು ಹಚ್ಚುವುದುಂಟು. ಟೊಂಗೆ ಕತ್ತರಿಸಿ ನೆಟ್ಟರೂ ಚಿಗುರುತ್ತದೆ. ಇದರ ಹೂವು ಸಣ್ಣದಾದರೂ ಸುವಾಸನೆಯುಳ್ಳದ್ದು.

ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಪ್ರದೇಶವು ಭಾರತದ ಮದರಂಗಿಯ ತವರೂರು ಎನಿಸಿಕೊಂಡಿದೆ. ಅಲ್ಲಿನ ಒಣಹವೆ ಮತ್ತು ಮಣ್ಣಿನ ಗುಣದಿಂದ ಎಲೆಯಲ್ಲಿ ಬಣ್ಣದ ಅಂಶ ಹೆಚ್ಚು ಎಂಬ ಖ್ಯಾತಿ ಇದೆ. ‘ಸೋಜತ್ ಮೆಹಂದಿ’ಗೆ 2021ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನಾವು ಅಂಗಡಿಯಲ್ಲಿ ಕೊಳ್ಳುವ ಪುಡಿಯ ಬಹುಭಾಗ ಬರುವುದು ರಾಜಸ್ಥಾನದಿಂದಲೇ.

ಇದರ ಬಳಕೆ ಬಹಳ ಪ್ರಾಚೀನವಾದುದು. ಈಜಿಪ್ಟಿನ ಮಮ್ಮಿಗಳ ಕೂದಲು ಮತ್ತು ಉಗುರುಗಳಲ್ಲಿ ಮದರಂಗಿಯ ಬಣ್ಣವನ್ನು ಗುರುತಿಸಿದ್ದಾರೆ. ಅರಬ್ ರಾಷ್ಟ್ರಗಳು ಒಟ್ಟಾಗಿ ಸಲ್ಲಿಸಿದ ಮನವಿಯಂತೆ, ಮದರಂಗಿಗೆ ಸಂಬಂಧಿಸಿದ ಆಚರಣೆಗಳನ್ನು ಯುನೆಸ್ಕೊ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಸಿರೆಲೆ ಕೆಂಪಾಗುವ ಬಗೆ

ಎಲೆ ಹಸಿರು, ಪುಡಿ ಹಸಿರು. ಕೈ ಮಾತ್ರ ಕೆಂಪು. ಇದರ ಹಿಂದಿನ ಕಾರಣವನ್ನು ತಿಳಿದುಕೊಂಡರೆ ಅಸಲಿ ನಕಲಿಗಳ ಭೇದವನ್ನೂ ಸುಲಭವಾಗಿ ತಿಳಿಯಬಹುದು.

ಎಲೆಯಲ್ಲಿ ‘ಲಾಸೋನ್’ ಎಂಬ ವರ್ಣದ್ರವ್ಯವು ಅಡಗಿದೆ. ಒಣಗಿದ ಎಲೆಯ ತೂಕದಲ್ಲಿ ಇದರ ಪ್ರಮಾಣ ಸುಮಾರು 1ರಿಂದ 2 ಪ್ರತಿಶತ ಮಾತ್ರ. ಎಲೆಯನ್ನು ಅರೆದು ಅಥವಾ ಪುಡಿಯನ್ನು ನೆನೆಸಿ, ಹುಣಸೆ, ನಿಂಬೆಯಂತಹ ಹುಳಿಯನ್ನು ಕೂಡಿಸಿದಾಗ ಈ ದ್ರವ್ಯ ನಿಧಾನವಾಗಿ ಬಿಡುಗಡೆಯಾಗುತ್ತದೆ. ನಮ್ಮ ಅಜ್ಜಿಯರು ಸೊಪ್ಪಿನ ಜೊತೆ ಹುಣಸೆಹಣ್ಣನ್ನು ಹಾಕಿ ಅರೆಯುತ್ತಿದ್ದುದರ ಮರ್ಮ ಇದೇ.

ಹೀಗೆ ಹೊರಬಂದ ಲಾಸೋನ್ ಚರ್ಮದ ಹೊರಗಿನ ನಿರ್ಜೀವ ಪದರದಲ್ಲಿರುವ ‘ಕೆರಾಟಿನ್’ ಎಂಬ ಪ್ರೋಟೀನಿನೊಡನೆ ಬಂಧಿಸಿಕೊಳ್ಳುತ್ತದೆ. ಮದರಂಗಿಯನ್ನು ಕೆರೆದು ತೆಗೆದ ಕೂಡಲೇ ಕಾಣುವುದು ಕಿತ್ತಳೆ ಬಣ್ಣ. ಬಳಿಕ ಗಾಳಿಯ ಆಮ್ಲಜನಕದ ಸಂಪರ್ಕದಿಂದ 24ರಿಂದ 48 ಗಂಟೆಗಳಲ್ಲಿ ಅದು ಗಾಢವಾಗಿ ಕಂದುಗೆಂಪಿಗೆ ತಿರುಗುತ್ತದೆ. ಹೊರಪದರ ದಿನದಿನವೂ ಸವೆದು ಉದುರುವುದರಿಂದ ಒಂದರಿಂದ ಮೂರು ವಾರಗಳಲ್ಲಿ ಬಣ್ಣ ಮಾಸಿಹೋಗುತ್ತದೆ.

ಅಂಗೈ ಮತ್ತು ಅಂಗಾಲುಗಳಲ್ಲಿ ಈ ಹೊರಪದರ ಬಹಳ ದಪ್ಪ. ಆದ್ದರಿಂದ ಅಲ್ಲಿ ಬಣ್ಣ ಗಾಢ. ಮುಂಗೈ, ತೋಳುಗಳ ಚರ್ಮ ತೆಳುವಾದ್ದರಿಂದ ಅಲ್ಲಿ ತಿಳಿಗೆಂಪು ಮಾತ್ರ ಸಾಧ್ಯ. ಕೈ ಬೆಚ್ಚಗಿದ್ದರೆ ಬಣ್ಣ ಚೆನ್ನಾಗಿ ಹತ್ತುತ್ತದೆ, ತಣ್ಣಗಿದ್ದರೆ ಕಡಿಮೆ. ಪುಡಿ ಹಳೆಯದಾಗಿದ್ದರೆ ಎಷ್ಟು ಹೊತ್ತು ಇಟ್ಟುಕೊಂಡರೂ ಬಣ್ಣ ಬಾರದು. ‘ಮದರಂಗಿ ಹೆಚ್ಚು ಕೆಂಪಾದವಳಿಗೆ ಗಂಡನ ಪ್ರೀತಿ ಹೆಚ್ಚು, ಅತ್ತೆಯ ಒಲವು ಹೆಚ್ಚು’ ಎಂಬ ಮಾತು ಮದುವೆಮನೆಯ ವಿನೋದಕ್ಕೆ ಸರಿ. ಆದರೆ ಬಣ್ಣವನ್ನು ನಿರ್ಧರಿಸುವುದು ಚರ್ಮದ ದಪ್ಪ, ಕೈಯ ಕಾವು, ಎಲೆಯ ಹೊಸತನ ಮತ್ತು ಇಟ್ಟುಕೊಂಡ ಸಮಯ. ತಿಳಿಗೆಂಪಿನ ಕೈಯ ಹೆಣ್ಣುಮಗಳು ಅಳುಕಬೇಕಾದ ಕಾರಣ ಏನೂ ಇಲ್ಲ.

ಚಿತ್ತಾರ ಬದಲಾದ ಬಗೆ

ಹಿಂದೆ ನಮ್ಮ ಹಳ್ಳಿಗಳಲ್ಲಿ ಮದರಂಗಿಯ ಚಿತ್ತಾರ ಅತ್ಯಂತ ಸರಳವಾಗಿತ್ತು. ಅಂಗೈಯ ನಡುವೆ ಚಂದ್ರನಂತಹ ಒಂದು ದೊಡ್ಡ ಬೊಟ್ಟು, ಸುತ್ತಲೂ ಸಣ್ಣ ಸಣ್ಣ ಬೊಟ್ಟುಗಳು, ಬೆರಳ ತುದಿಗಳಿಗೆ ಟೊಪ್ಪಿಗೆ ತೊಡಿಸಿದಂತೆ ದಪ್ಪನೆಯ ಲೇಪ. ಅರೆದ ಎಲೆ ತರಿತರಿಯಾಗಿರುತ್ತಿದ್ದುದರಿಂದ ಸೂಕ್ಷ್ಮ ರೇಖೆ ಎಳೆಯುವಂತಿರಲಿಲ್ಲ. ಲೇಪ ದಪ್ಪವಾಗಿ, ರಾತ್ರಿಯಿಡೀ ಕೈಯಲ್ಲಿ ಉಳಿಯುತ್ತಿದ್ದುದರಿಂದ ಬಣ್ಣವೂ ದಟ್ಟವಾಗಿ ಬರುತ್ತಿತ್ತು.

ನಯವಾಗಿ ಸೋಸಿದ ಪುಡಿ ಮತ್ತು ಕೋನ್ ಬಂದ ಮೇಲೆ ಕೂದಲೆಳೆಯಷ್ಟು ತೆಳುವಾದ ರೇಖೆಗಳು ಸಾಧ್ಯವಾದವು. ರಾಜಸ್ಥಾನಿ ಶೈಲಿಯಲ್ಲಿ ನವಿಲು, ಮಾವಿನಕಾಯಿ, ಕಲಶ, ಪಲ್ಲಕ್ಕಿ, ವಧೂವರರ ಚಿತ್ರಗಳು ಅಂಗೈಯಿಂದ ಮೊಣಕೈಯವರೆಗೆ ತುಂಬಿಕೊಳ್ಳುತ್ತವೆ. ಅರಬ್ಬಿ ಶೈಲಿಯಲ್ಲಿ ದಪ್ಪ ಅಂಚಿನ ಹೂಬಳ್ಳಿಯೊಂದು ಮಣಿಕಟ್ಟಿನಿಂದ ಬೆರಳತುದಿಗೆ ಓರೆಯಾಗಿ ಹಬ್ಬಿ, ನಡುನಡುವೆ ಖಾಲಿ ಜಾಗ ಬಿಡುತ್ತದೆ. ಮದುಮಗಳ ಎರಡೂ ಕೈಕಾಲುಗಳ ಪೂರ್ಣ ಚಿತ್ತಾರಕ್ಕೆ ನಾಲ್ಕು ಗಂಟೆಗಳಿಗೂ ಮಿಕ್ಕಿ ಸಮಯ ಹಿಡಿಯುವುದುಂಟು. ಇದು ನಿಜಕ್ಕೂ ಶ್ರಮ, ತಾಳ್ಮೆಗಳನ್ನು ಬೇಡುವ ಕಲೆ. ಅನೇಕ ಹೆಣ್ಣುಮಕ್ಕಳಿಗೆ ಅದು ಗೌರವದ ಉದ್ಯೋಗವನ್ನೂ ಕೊಟ್ಟಿದೆ.

ಆದರೆ ಇಲ್ಲೇ ಒಂದು ತೊಡಕು ಹುಟ್ಟಿತು. ಚಿತ್ತಾರ ಅಂಗೈಯನ್ನು ದಾಟಿ ಮುಂಗೈಗೂ ತೋಳಿಗೂ ಏರಿತು. ಅಲ್ಲಿ ಎಲೆಯ ಬಣ್ಣ ತಿಳಿಯಾಗಿಯೇ ಬರುತ್ತದೆ. ರೇಖೆ ತೆಳುವಾದಷ್ಟೂ ಲೇಪ ಬೇಗ ಒಣಗಿ ಬಣ್ಣ ಇನ್ನೂ ಕುಗ್ಗುತ್ತದೆ. ಮದುವೆಮನೆಯವರಿಗೆ ಸಮಯವಿಲ್ಲ, ಛಾಯಾಚಿತ್ರಕ್ಕೆ ಗಾಢ ಬಣ್ಣವೇ ಬೇಕು. ಈ ಅವಸರ ಮತ್ತು ಅಪೇಕ್ಷೆಗಳ ನಡುವಿನ ಬಿರುಕಿನಲ್ಲಿ ರಾಸಾಯನಿಕಗಳು ನುಸುಳಿದವು.

ಕಪ್ಪು ಮದರಂಗಿ ಎಂಬ ಗಿಡವೇ ಇಲ್ಲ

ಇದು ಪ್ರತಿಯೊಬ್ಬ ತಾಯಿಯೂ ನೆನಪಿಡಬೇಕಾದ ಮಾತು. ಮದರಂಗಿ ಎಲೆಯ ಬಣ್ಣ ಕಿತ್ತಳೆ, ಕೆಂಪು ಅಥವಾ ಕಂದು. ಅಂಗೈಯಲ್ಲಿ ಬಹಳ ದಟ್ಟವಾದರೆ ಕಾಫಿಬೀಜದ ಬಣ್ಣ. ಒಂದೆರಡು ಗಂಟೆಗಳಲ್ಲಿ ಕಾಡಿಗೆಯಂತೆ ಕಪ್ಪಾಗುವ ಬಣ್ಣ ಯಾವ ಎಲೆಯಿಂದಲೂ ಬಂದುದಲ್ಲ. ಕೂದಲಿಗೆ ಹಚ್ಚುವ ಕಪ್ಪು ಬಣ್ಣಗಳಲ್ಲಿ ಬಳಸುವ ‘ಪ್ಯಾರಾ-ಫಿನೈಲಿನ್‌ಡಯಮೈನ್’ ಎಂಬ ರಾಸಾಯನಿಕವೇ ಸಾಮಾನ್ಯವಾಗಿ ಇದರ ಮೂಲ. ಸಂಕ್ಷೇಪವಾಗಿ ಇದನ್ನು ‘ಪಿಪಿಡಿ’ ಎನ್ನುತ್ತಾರೆ.

ಈ ರಾಸಾಯನಿಕವು ಚರ್ಮದ ಮೂಲಕ ಒಳಗೆ ಇಳಿದು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ. ಅಮೆರಿಕದ ಸಂಪರ್ಕಜನ್ಯ ಚರ್ಮರೋಗ ತಜ್ಞರ ಸಂಘವು 2006ರಲ್ಲಿ ಪಿಪಿಡಿಯನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿ ವೈದ್ಯರ ಗಮನ ಸೆಳೆಯಿತು. ಯುರೋಪಿನ ನಿಯಮಗಳ ಪ್ರಕಾರ ಕೂದಲಿಗೆ ಹಚ್ಚುವ ಬಣ್ಣದಲ್ಲಿ ಇದರ ಪ್ರಮಾಣ 2 ಪ್ರತಿಶತವನ್ನು ಮೀರುವಂತಿಲ್ಲ. ನೇರವಾಗಿ ಚರ್ಮಕ್ಕೆ ಹಚ್ಚಲು ಅನುಮತಿಯೇ ಇಲ್ಲ. ಆದರೆ ಕಪ್ಪು ಮದರಂಗಿಯ ಮಾದರಿಗಳನ್ನು ಪರೀಕ್ಷಿಸಿದಾಗ ಕೆಲವುಗಳಲ್ಲಿ 15 ಪ್ರತಿಶತಕ್ಕೂ ಹೆಚ್ಚು ಪಿಪಿಡಿ ಕಂಡುಬಂದಿದೆ. ಕೂದಲಿನ ಬಣ್ಣವನ್ನು ಅರ್ಧ ಗಂಟೆಯಲ್ಲಿ ತೊಳೆಯುತ್ತೇವೆ. ಕೈಯ ಲೇಪವನ್ನು ಗಂಟೆಗಟ್ಟಲೆ ಇಟ್ಟುಕೊಳ್ಳುತ್ತೇವೆ. ಹೆಚ್ಚಿನ ಸಾಂದ್ರತೆ ಮತ್ತು ದೀರ್ಘ ಸಮಯ ಇವೆರಡೂ ಕೂಡಿದಾಗ ಅಪಾಯ ಹಲವು ಪಟ್ಟು ಬೆಳೆಯುತ್ತದೆ.

ಒಮ್ಮೆಯ ಆಸೆ, ಬದುಕಿಡೀ ತೊಡಕು

ಪಿಪಿಡಿಯ ವಿಶೇಷವಾದ ಕಪಟವೆಂದರೆ ಅದು ಮೊದಲ ಸಲ ಸುಮ್ಮನಿರಬಹುದು. ಮೊದಲ ಬಾರಿ ಹಚ್ಚಿದಾಗ ದೇಹವು ಆ ವಸ್ತುವನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಇದಕ್ಕೆ ಸುಮಾರು ಹತ್ತು ಹದಿನೈದು ದಿನ ಬೇಕು. ಆದುದರಿಂದ ಬಣ್ಣ ಮಾಸಿದ ಮೇಲೂ ತುರಿಕೆ ಏಳುವುದುಂಟು. ಎರಡನೆಯ ಸಲ ಹಚ್ಚಿದಾಗ ಒಂದರಿಂದ ಮೂರು ದಿನಗಳೊಳಗೆ ಪ್ರತಿಕ್ರಿಯೆ ಭುಗಿಲೇಳುತ್ತದೆ. ಹೂಬಳ್ಳಿ ಬರೆದಲ್ಲೆಲ್ಲ ಅದೇ ಆಕಾರದಲ್ಲಿ ಚರ್ಮ ಕೆಂಪಾಗಿ ಊದಿ, ನೀರುಗುಳ್ಳೆಗಳು ಏಳುತ್ತವೆ. ‘ಹೋದ ವರ್ಷ ಅಕ್ಕನ ಮದುವೆಗೆ ಇದನ್ನೇ ಹಚ್ಚಿದ್ದೆವು, ಏನೂ ಆಗಲಿಲ್ಲ’ ಎಂಬ ಧೈರ್ಯ ಸಲ್ಲದು. ಹೋದ ವರ್ಷದ ಲೇಪವೇ ಈ ವರ್ಷದ ಗುಳ್ಳೆಗೆ ಬೀಜ ಬಿತ್ತಿರಬಹುದು.

ಗುಳ್ಳೆ ಮಾಗಿದ ಬಳಿಕ ಆ ಜಾಗದಲ್ಲಿ ತಿಂಗಳುಗಟ್ಟಲೆ ಬಿಳಿಚು ಅಥವಾ ಕಪ್ಪು ಕಲೆ ಉಳಿಯುತ್ತದೆ. ಕೆಲವರಲ್ಲಿ ಉಬ್ಬಿದ ಗಾಯದ ಗುರುತು ಶಾಶ್ವತವಾಗುತ್ತದೆ. ಇದಕ್ಕಿಂತ ಗಂಭೀರವಾದುದೆಂದರೆ ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುವುದು. ಅಂಥವರು ಮುಂದೆ ನಡುವಯಸ್ಸಿನಲ್ಲಿ ಕೂದಲಿಗೆ ಬಣ್ಣ ಹಚ್ಚಿದರೆ ಮುಖ, ಕಣ್ಣಿನ ರೆಪ್ಪೆಗಳು ಊದಿಕೊಳ್ಳಬಹುದು. ಪಿಪಿಡಿಯನ್ನು ಹೋಲುವ ರಚನೆಯಿರುವ ಕೆಲವು ಬಟ್ಟೆಯ ಬಣ್ಣಗಳು, ಕಪ್ಪು ರಬ್ಬರು, ಮರಗಟ್ಟಿಸುವ ಬೆಂಜೊಕೇನ್‌ನಂತಹ ಔಷಧಿ, ಕೆಲವು ಸಲ್ಫಾ ಮಾತ್ರೆಗಳೂ ಅಂಥವರಿಗೆ ಒಗ್ಗದೆ ಹೋಗಬಹುದು. ಎಂಟು ವರ್ಷದ ಮಗುವಿನ ಕೈಗೆ ಜಾತ್ರೆಯಲ್ಲಿ ಐದು ನಿಮಿಷದಲ್ಲಿ ಒತ್ತಿಸಿದ ಕಪ್ಪು ಚಿತ್ರದ ಫಲ ಆ ಮಗು ಐವತ್ತರ ವಯಸ್ಸಿಗೆ ಬಂದಾಗಲೂ ಬೆನ್ನು ಬಿಡದಿರಬಹುದು.

ಈ ಪುಡಿ ಹೊಟ್ಟೆಗೆ ಸೇರಿದರಂತೂ ಪ್ರಾಣಾಪಾಯ. ಗಂಟಲು, ನಾಲಗೆ ಊದಿ ಉಸಿರು ಕಟ್ಟುತ್ತದೆ. ಸ್ನಾಯುಗಳು ಕರಗಿ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಕೂದಲಿನ ಬಣ್ಣದ ಪುಡಿಯಾಗಲಿ ದ್ರವವಾಗಲಿ ಮಕ್ಕಳ ಕೈಗೆ ಸಿಗುವಲ್ಲಿ ಇಡಲೇಬಾರದು.

ಊಟ ಬಡಿಸುವ, ಮಗುವನ್ನು ಎತ್ತಿಕೊಳ್ಳುವ, ನಿತ್ಯ ಪೂಜೆಯಲ್ಲಿ ಇಷ್ಟಲಿಂಗವನ್ನು ಧರಿಸುವ ಕರತಲವಿದು. ಒಂದು ದಿನದ ಕಪ್ಪು ಬಣ್ಣಕ್ಕಾಗಿ ಅದನ್ನು ಪಣವಿಡುವುದು ವಿವೇಕವೆನಿಸದು.

ದಿಢೀರ್ ಕೋನುಗಳು

ಕಪ್ಪಲ್ಲದ ಕೆಂಪು ಕೋನುಗಳೆಲ್ಲವೂ ಶುದ್ಧವೆಂದು ತಿಳಿಯಬಾರದು. ಕಲೆಸಿದ ಮದರಂಗಿ ಸೊಪ್ಪಿನ ಪಲ್ಯದಂತೆಯೇ ಕೆಡುವ ಪದಾರ್ಥ. ಹೊರಗಿಟ್ಟರೆ ಒಂದೆರಡು ದಿನಗಳಲ್ಲೇ ಅದರ ಬಣ್ಣದ ಶಕ್ತಿ ಕುಗ್ಗುತ್ತದೆ. ಹಾಗಿರುವಾಗ ಅಂಗಡಿಯ ಮೊಳೆಗೆ ತಿಂಗಳುಗಟ್ಟಲೆ ತೂಗುಹಾಕಿದ ಕೋನ್ ಹತ್ತೇ ನಿಮಿಷದಲ್ಲಿ ಕಡುಕೆಂಪು ಕೊಡುತ್ತದೆ ಎಂದರೆ, ಆ ಕೆಂಪು ಎಲೆಯದ್ದಲ್ಲ ಎಂದೇ ಅರ್ಥ. ಕೂದಲಿನ ಬಣ್ಣಗಳಲ್ಲಿ ಬಳಸುವ ‘ಸೋಡಿಯಂ ಪಿಕ್ರಮೇಟ್’ ಎಂಬ ಕೆಂಪು ರಾಸಾಯನಿಕವನ್ನು ಇಂತಹ ಕೋನುಗಳಲ್ಲಿ ಬೆರೆಸುವುದುಂಟು. ಬಣ್ಣ ಆಳಕ್ಕಿಳಿಯಲೆಂದು ಸೀಮೆಎಣ್ಣೆ, ಪೆಟ್ರೋಲು, ಟರ್ಪೆಂಟೈನುಗಳನ್ನು ಕೂಡಿಸುವವರೂ ಇದ್ದಾರೆ. ಇವು ಚರ್ಮವನ್ನು ಸುಡುತ್ತವೆ, ಉಸಿರಿಗೂ ಹಿತವಲ್ಲ.

ನೀಲಗಿರಿ ಎಣ್ಣೆ ಮತ್ತು ಲವಂಗದ ಎಣ್ಣೆಗಳನ್ನು ಅನೇಕ ಕಲಾವಿದೆಯರು ಹನಿಯಷ್ಟು ಬಳಸುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ ಇದು ತೊಂದರೆ ಕೊಡದಿದ್ದರೂ ಲವಂಗದ ಎಣ್ಣೆ ಹೆಚ್ಚಾದರೆ ಉರಿ ತರುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಇವೆರಡನ್ನೂ ಬಿಡುವುದೇ ಲೇಸು.

ಹಸುಗೂಸಿಗೆ ಮದರಂಗಿ ಬೇಡ

ಶುದ್ಧವಾದ ಎಲೆಯೂ ಹಾನಿ ಮಾಡುವ ಒಂದು ಸಂದರ್ಭವಿದೆ. ನಮ್ಮ ಕೆಂಪು ರಕ್ತಕಣಗಳನ್ನು ಕಾಪಾಡುವ ‘ಜಿ-6-ಪಿಡಿ’ ಎಂಬ ಕಿಣ್ವವು ಕೆಲವರಲ್ಲಿ ಹುಟ್ಟಿನಿಂದಲೇ ಕೊರತೆಯಾಗಿರುತ್ತದೆ. ಇದು ಆನುವಂಶಿಕ ದೋಷ. ಗಂಡುಮಕ್ಕಳಲ್ಲಿ ಹೆಚ್ಚಾಗಿ ಪ್ರಕಟವಾಗುತ್ತದೆ. ಹೊರನೋಟಕ್ಕೆ ಮಗು ಪೂರ್ಣ ಆರೋಗ್ಯದಿಂದಲೇ ಇರುತ್ತದೆ. ಆದರೆ ಕೆಲವು ಮಲೇರಿಯಾ ಮಾತ್ರೆಗಳು, ನುಸಿಗುಳಿಗೆಯ ನ್ಯಾಫ್ತಲಿನ್ ಮುಂತಾದ ವಸ್ತುಗಳ ಸಂಪರ್ಕವಾದಾಗ ರಕ್ತಕಣಗಳು ಒಡೆಯತೊಡಗುತ್ತವೆ. ಮದರಂಗಿಯ ಲಾಸೋನ್ ಕೂಡ ಇಂತಹ ವಸ್ತುಗಳಲ್ಲೊಂದು.

ದೊಡ್ಡವರ ದಪ್ಪ ಅಂಗೈಯಿಂದ ಒಳಗಿಳಿಯುವ ಲಾಸೋನ್ ಅತ್ಯಲ್ಪ. ಹಸುಗೂಸಿನ ಚರ್ಮ ತೆಳು, ದೇಹ ಚಿಕ್ಕದು. ಬಾಯಿಗೆ ಕೈಯಿಡುವ ಅಭ್ಯಾಸ ಬೇರೆ. ಅರಬ್ ದೇಶಗಳಲ್ಲಿ ಶಿಶುವಿನ ಮೈಗೆ, ಅಂಗೈ ಅಂಗಾಲುಗಳಿಗೆ ಮದರಂಗಿ ಬಳಿದ ಬಳಿಕ ತೀವ್ರ ಕಾಮಾಲೆ, ರಕ್ತಹೀನತೆಗಳುಂಟಾದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ನಾಮಕರಣಕ್ಕೋ ಮದುವೆಗೋ ಎಲ್ಲರೂ ಮದರಂಗಿ ಹಚ್ಚಿಕೊಳ್ಳುವಾಗ ತೊಟ್ಟಿಲ ಕೂಸಿಗೂ ಒಂದು ಬೊಟ್ಟು ಇಡುವ ಆಸೆಯನ್ನು ಹತ್ತಿಕ್ಕಬೇಕು. ಮದರಂಗಿ ಸೋಕಿದ ಮಗು ಬಿಳಚಿಕೊಂಡರೆ, ಕಣ್ಣು ಮೈ ಹಳದಿಯಾದರೆ, ಮೂತ್ರ ಚಹಾದ ಡಿಕಾಕ್ಷನ್ನಿನಂತೆ ಗಾಢವಾದರೆ, ಹಾಲು ಕುಡಿಯದೆ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮದರಂಗಿ ಹಚ್ಚಿದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಈ ಕಿಣ್ವದ ಕೊರತೆಯಿದೆಯೆಂದು ತಿಳಿದವರು ಯಾವ ವಯಸ್ಸಿನವರಾದರೂ ಮದರಂಗಿಯಿಂದ ದೂರವಿರಬೇಕು.

ವಿಶೇಷ ಎಚ್ಚರಿಕೆ ಬೇಕಾದವರು

ಗರ್ಭಿಣಿಯರು ಕುಬುಸಕ್ಕೆ ಅಂಗೈಗೆ ಶುದ್ಧ ಎಲೆಯ ಮದರಂಗಿ ಹಚ್ಚಿಕೊಳ್ಳುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಅಂಗಡಿಯ ಕೋನ್ ಬೇಡ. ತೀವ್ರ ರಕ್ತಹೀನತೆಯಿದ್ದರೆ ವೈದ್ಯರನ್ನು ಕೇಳಿ ಮುಂದುವರಿಯಬೇಕು. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂಡದೆ ನಡುನಡುವೆ ಎದ್ದು ಅಡ್ಡಾಡಬೇಕು.

ಮದುಮಗಳ ವಿಷಯದಲ್ಲಿ ಮನೆಯವರು ಮರೆಯುವುದೊಂದಿದೆ. ಕೈಕಾಲುಗಳಿಗೆ ಮದರಂಗಿ ಹಚ್ಚಿಕೊಂಡು ಆಕೆ ಅರ್ಧ ದಿನ ಕುಳಿತಿರುತ್ತಾಳೆ. ತಾನೇ ನೀರು ಕುಡಿಯಲಾರಳು, ಊಟ ಮಾಡಲಾರಳು; ಎದ್ದು ಹೋಗಬೇಕಾದೀತೆಂಬ ಸಂಕೋಚದಿಂದ ನೀರನ್ನೇ ಬೇಡವೆನ್ನುತ್ತಾಳೆ. ಇದರಿಂದ ತಲೆಸುತ್ತು, ಉರಿಮೂತ್ರ ಬರುತ್ತವೆ. ಕುಳ್ಳಿರಿಸುವ ಮುನ್ನ ಊಟ ಮಾಡಿಸಿ, ಗಂಟೆಗೊಮ್ಮೆ ಯಾರಾದರೂ ನೀರು ಅಥವಾ ಮಜ್ಜಿಗೆ ಕುಡಿಸಬೇಕು. ಮಧುಮೇಹವಿದ್ದವರು ಊಟ, ಔಷಧಿಯ ಹೊತ್ತನ್ನು ಮೀರಬಾರದು. ಅವರ ಕಾಲಿಗೆ ಗಾಯ, ಬಿರುಕು, ಜೋಮು ಇದ್ದಲ್ಲಿ ಕಾಲಿಗೆ ಹಚ್ಚುವುದನ್ನೇ ಬಿಡಬೇಕು.

ಶಸ್ತ್ರಚಿಕಿತ್ಸೆ ನಿಗದಿಯಾದವರು ಉಗುರು ಮತ್ತು ಬೆರಳತುದಿಗಳಿಗೆ ಮದರಂಗಿ ಹಚ್ಚಿಕೊಳ್ಳಬಾರದು. ವೈದ್ಯರು ಉಗುರಿನ ಬಣ್ಣ ನೋಡಿ ರಕ್ತದ ಸ್ಥಿತಿಯನ್ನು ಅರಿಯುತ್ತಾರೆ. ಬೆರಳಿಗೆ ಸಿಕ್ಕಿಸಿ ಆಮ್ಲಜನಕದ ಪ್ರಮಾಣ ಅಳೆಯುವ ಯಂತ್ರಕ್ಕೂ ದಟ್ಟವಾದ, ಅದರಲ್ಲೂ ಕಪ್ಪು ಬಣ್ಣ ಅಡ್ಡಿಯಾಗಬಹುದು.

ಮದರಂಗಿ ತಂಪು ಎಂಬ ನಂಬಿಕೆ ನಮ್ಮಲ್ಲಿದೆ. ಹಸಿ ಲೇಪದ ನೀರು ಆರುವಾಗ ಕೈಗೆ ತಂಪೆನಿಸುವುದು ನಿಜ. ಪ್ರಯೋಗಶಾಲೆಯಲ್ಲಿ ಇದರ ಎಲೆಯ ಸಾರ ಕೆಲವು ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆದುದೂ ಉಂಟು. ಇಷ್ಟರಿಂದಲೇ ಸುಟ್ಟಗಾಯಕ್ಕೆ, ಒಡೆದ ಹಿಮ್ಮಡಿಗೆ, ಕಜ್ಜಿಗೆ ಅಂಗಡಿಯ ಪುಡಿಯನ್ನು ಮೆತ್ತುವುದು ಸರಿಯಲ್ಲ.

ಮನೆಯಲ್ಲೇ ಸಿದ್ಧಪಡಿಸುವ ಕ್ರಮ

ಗಿಡವಿದ್ದವರಿಗೆ ಅರೆಯುವುದೇ ಶ್ರೇಷ್ಠ. ಬಲಿತ ಎಲೆಗಳನ್ನು ಬಿಡಿಸಿ, ತೊಳೆದು, ಸ್ವಲ್ಪ ಹುಣಸೆಹಣ್ಣಿನೊಂದಿಗೆ ನುಣ್ಣಗೆ ಅರೆದು ರಾತ್ರಿ ಹಚ್ಚಿಕೊಳ್ಳಬೇಕು. ಸೂಕ್ಷ್ಮ ಚಿತ್ತಾರ ಬೇಕಾದವರು ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಕೊಂಡುತರುವ ಪುಡಿಯಾದರೆ ‘ಮದರಂಗಿ ಎಲೆ ಮಾತ್ರ’ ಎಂದು ಬರೆದುದನ್ನು, ತಯಾರಾದ ದಿನಾಂಕವನ್ನು ನೋಡಿ ಕೊಳ್ಳಬೇಕು. ಒಳ್ಳೆಯ ಪುಡಿ ಹಸಿರು ಅಥವಾ ಕಂದುಹಸಿರು, ಒಣಹುಲ್ಲಿನಂತಹ ವಾಸನೆ. ಕಪ್ಪು ಪುಡಿ, ಸೀಮೆಎಣ್ಣೆಯ ಘಾಟು, ಕಣ್ಣು ಕುಕ್ಕುವ ಹಸಿರು ಇದ್ದರೆ ಬೇಡ.

ನೂರು ಗ್ರಾಂ ಪುಡಿಗೆ ನಿಂಬೆರಸ ಅಥವಾ ಆರಿದ ಚಹಾದ ಡಿಕಾಕ್ಷನ್ನನ್ನು ಸ್ವಲ್ಪಸ್ವಲ್ಪವಾಗಿ ಸುರಿದು, ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲೆಸಬೇಕು. ಒಂದೆರಡು ಚಮಚ ಸಕ್ಕರೆ ಸೇರಿಸಿದರೆ ಲೇಪ ಬೇಗ ಉದುರದು. ಪಾತ್ರೆಯನ್ನು ಮುಚ್ಚಿ ಆರರಿಂದ ಎಂಟು ಗಂಟೆ ಬಿಡಬೇಕು. ಅಂಗೈಗೆ ಒಂದು ಬೊಟ್ಟಿಟ್ಟು ಐದು ನಿಮಿಷದ ಬಳಿಕ ಒರೆಸಿದಾಗ ಕಿತ್ತಳೆ ಗುರುತು ಕಂಡರೆ ಮದರಂಗಿ ಸಿದ್ಧವಾಯಿತು. ಉಳಿದುದನ್ನು ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ಇಟ್ಟರೆ ಹಲವು ವಾರ ಕೆಡದು.

ಹಚ್ಚುವಾಗ ಮತ್ತು ಬಳಿಕ ಪಾಲಿಸಬೇಕಾದ ಸಂಗತಿಗಳು ಇವು:

1. ಮದುವೆಗೆ ಎರಡು ದಿನ ಮುಂಚೆ ಹಚ್ಚಬೇಕು. ಬಣ್ಣ ಗಾಢವಾಗಲು ಬೇಕಾದ 48 ಗಂಟೆ ಆಗ ದೊರೆಯುತ್ತದೆ. ಹಿಂದಿನ ರಾತ್ರಿ ಹಚ್ಚುವುದರಿಂದಲೇ ರಾಸಾಯನಿಕದ ಆಸೆ ಹುಟ್ಟುತ್ತದೆ.

2. ಹೊಸ ಪುಡಿಯಾದರೆ ಮದುವೆಗೆ ಒಂದು ವಾರ ಮೊದಲೇ ಮೊಣಕೈಯ ಒಳಭಾಗಕ್ಕೆ ಸಣ್ಣ ಬೊಟ್ಟಿಟ್ಟು ಎರಡು ದಿನ ಗಮನಿಸಬೇಕು. ಆದರೆ ಕಪ್ಪು ಮದರಂಗಿಯನ್ನು ಹೀಗೆ ಪರೀಕ್ಷೆಗೆಂದೂ ಹಚ್ಚಬಾರದು. ಆ ಒಂದು ಬೊಟ್ಟೇ ಅಲರ್ಜಿಯನ್ನು ಹುಟ್ಟಿಸಬಲ್ಲದು.

3. ಗಾಯ, ಇಸುಬು, ತುರಿಕೆಯಿರುವ ಚರ್ಮಕ್ಕೆ ಹಚ್ಚಬಾರದು.

4. ಲೇಪವನ್ನು ಆರರಿಂದ ಎಂಟು ಗಂಟೆ ಇಟ್ಟುಕೊಂಡು, ನೀರು ಸೋಕಿಸದೆ ಕೆರೆದು ತೆಗೆದು, ಕೊಬ್ಬರಿ ಎಣ್ಣೆ ಸವರಬೇಕು. ಮರುದಿನದವರೆಗೆ ಸಾಬೂನು ಬೇಡ.

5. ಬಣ್ಣ ಏರಲೆಂದು ಸುಣ್ಣ ತಿಕ್ಕಬಾರದು. ಸುಣ್ಣ ಚರ್ಮವನ್ನು ಸುಡುತ್ತದೆ. ಲವಂಗದ ಹೊಗೆಗೆ ಕೈ ಒಡ್ಡುವವರು ಕಾದ ಹೆಂಚಿನಿಂದ ದೂರವಿರಬೇಕು. ಕೈಯನ್ನು ಬೆಚ್ಚಗೆ ಇಟ್ಟುಕೊಂಡರೆ ಸಾಕು.

6. ಮದರಂಗಿ ಹಚ್ಚುವವರನ್ನು ಗೊತ್ತುಮಾಡುವಾಗ ‘ಕೋನಿನಲ್ಲಿ ಏನು ಹಾಕಿದ್ದೀರಿ? ಯಾವಾಗ ಕಲೆಸಿದ್ದು?’ ಎಂದು ಸಂಕೋಚವಿಲ್ಲದೆ ಕೇಳಬೇಕು. ತಾವೇ ಕಲೆಸುವವರು ಸಂತೋಷದಿಂದ ಹೇಳುತ್ತಾರೆ. ಕೋನನ್ನು ಮನೆಯವರೇ ಸಿದ್ಧಪಡಿಸಿ ಕೊಡುವುದೂ ಒಳ್ಳೆಯ ಮಾರ್ಗ.

ಕೈ ಉರಿದರೆ ಮಾಡಬೇಕಾದುದು

ಹಚ್ಚಿದ ಕೂಡಲೇ ಉರಿ ಅಥವಾ ತುರಿಕೆ ತೋರಿದರೆ ಚಿತ್ತಾರ ಹಾಳಾಯಿತೆಂದು ಚಿಂತಿಸದೆ ತಕ್ಷಣ ಒರೆಸಿ, ಸಾಬೂನು ಮತ್ತು ಧಾರಾಳ ನೀರಿನಿಂದ ತೊಳೆಯಬೇಕು. ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಹೊದಿಸಬೇಕು. ಗುಳ್ಳೆಗಳನ್ನು ಒಡೆಯಬಾರದು, ಅರಿಷಿಣ, ಸುಣ್ಣ, ಹಲ್ಲುಜ್ಜುವ ಪೇಸ್ಟುಗಳನ್ನು ಮೆತ್ತಬಾರದು. ಔಷಧಿ ಅಂಗಡಿಯಿಂದ ತಾವಾಗಿಯೇ ಸ್ಟೆರಾಯ್ಡ್ ಮುಲಾಮು ತಂದು ಹಚ್ಚದೆ ಚರ್ಮರೋಗ ತಜ್ಞರನ್ನು ಕಾಣಬೇಕು. ಬಳಸಿದ ಕೋನನ್ನು ಎಸೆಯದೆ ಜೊತೆಗೆ ಒಯ್ದರೆ ರೋಗನಿರ್ಣಯಕ್ಕೆ ಅನುಕೂಲ. ತುಟಿ, ರೆಪ್ಪೆ, ಮುಖ ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಅದು ತುರ್ತುಸ್ಥಿತಿ. 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು. ಒಮ್ಮೆ ಪ್ರತಿಕ್ರಿಯೆಯಾದವರು ಮುಂದೆ ಕೂದಲಿಗೆ ಬಣ್ಣ ಹಚ್ಚುವ ಮುನ್ನ, ಹಲ್ಲು ಕೀಳಿಸುವಾಗ, ಶಸ್ತ್ರಚಿಕಿತ್ಸೆಯ ಮುನ್ನ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಮದರಂಗಿ ತಾಳ್ಮೆಯ ಅಲಂಕಾರ. ನೆನೆಯಲು ಒಂದಷ್ಟು ಹೊತ್ತು, ಹಚ್ಚಲು ಒಂದಷ್ಟು ಹೊತ್ತು, ಕೆಂಪೇರಲು ಎರಡು ದಿನ. ಆ ಬಿಡುವಿನಲ್ಲೇ ಅಕ್ಕತಂಗಿಯರು, ಗೆಳತಿಯರು ಕೂಡಿ ಕುಳಿತು ಮಾತಾಡುತ್ತಾರೆ, ಹಾಡುತ್ತಾರೆ. ಮನೆ ಬಿಟ್ಟು ಹೋಗಲಿರುವ ಮಗಳಿಗೆ ತುತ್ತು ಮಾಡಿ ಉಣಿಸುತ್ತಾರೆ. ಮುಂಬರುವ ಲಗ್ನಗಳ ಸಿದ್ಧತೆಯಲ್ಲಿರುವ ಸದ್ಭಕ್ತರು ಬಟ್ಟೆ, ಬಂಗಾರಗಳ ಪಟ್ಟಿಯ ಜೊತೆಗೆ ನಾಲ್ಕು ದಿನ ಮುಂಚಿತವಾಗಿ ಒಳ್ಳೆಯ ಮದರಂಗಿ ಪುಡಿಯನ್ನೂ ಬರೆದುಕೊಳ್ಳಲಿ. ಹಿತ್ತಲಲ್ಲಿ ಒಂದಡಿ ಜಾಗವಿದ್ದವರು ಈ ಮಳೆಗಾಲದಲ್ಲೇ ಒಂದು ಟೊಂಗೆ ನೆಡಲಿ.